ಮರಕ್ಕೆ ಬಾಯಿ ಐತಾ? ಸುಗಟೂರಿನ ಒಂದು ಜಗಳ, ನೀಲಗಿರಿಯ ಲೆಕ್ಕಪುಸ್ತಕ

ಇವತ್ತಿನ ಕಥೆ ಒಂದು ಜಗಳದಿಂದ ಶುರುವಾಗುತ್ತೆ.

ಊರು ಸುಗಟೂರು, ಕೋಲಾರ ತಾಲ್ಲೂಕು. ಕಾಲ 1990ರ ಆಸುಪಾಸು. ನಾನಿನ್ನೂ ಹುಟ್ಟಿರಲಿಲ್ಲ, ಆದ್ರೆ ನಮ್ಮ ಮನೇಲಿ ಈ ಜಗಳವನ್ನ ಎಷ್ಟು ಸಲ ಹೇಳಿದ್ದಾರೆ ಅಂದ್ರೆ, ನಾನೇ ಬದುವಿನ ಮೇಲೆ ನಿಂತು ನೋಡಿದ ಹಾಗಿದೆ. ನಮ್ಮ ತಾತ ಎರಡು ಎಕರೆ ಬೆದ್ದಲು ಹೊಲದಲ್ಲಿ ರಾಗಿ ಬಿಟ್ಟು ನೀಲಗಿರಿ ಹಾಕಿದ್ರು. ಕೂಲಿ ಬೇಡ, ಕಳೆ ಬೇಡ, ಕಾವಲು ಬೇಡ, ಕೆಲವು ವರ್ಷ ಬಿಟ್ಟು ಕಡಿದರೆ ಲಾರಿ ಮನೆ ಬಾಗಿಲಿಗೇ ಬರುತ್ತೆ. ಐದಾರು ವರ್ಷಕ್ಕೆ ಪಕ್ಕದ ಹೊಲದವರ ಬಾವಿ ಒಣಗಿತು. ಒಂದಿನ ಅವರು ಬದುವಿನ ಹತ್ರ ಬಂದು ತಾತನಿಗೆ ಅಂದ್ರಂತೆ: "ಅಣ್ಣಾ, ನಿನ್ ಮರ ನನ್ ಬಾವಿ ಕುಡಿದ್‌ಬುಡ್ತು."

ತಾತ ಬಿಡ್ತಾರಾ? "ಮರಕ್ಕೇನು ಬಾಯಿ ಐತಾ, ನಿನ್ ಬಾವಿಗೆ ಬಂದು ಕುಡಿಯಾಕೆ?"

ಅಲ್ಲಿಂದ ಎರಡು ಮನೆಗೂ ಮಾತಿಲ್ಲ. ಹಬ್ಬಕ್ಕೆ ಇಲ್ಲ, ಮದುವೆಗೆ ಇಲ್ಲ. ತಾತ ತೀರಿಕೊಂಡಾಗ ಮಾತ್ರ ಅವರು ಬಂದು ಅಂಗಳದಲ್ಲಿ ನಿಂತು ಹೋದ್ರು.

ಈ ಕಥೆ ಈಗ ಯಾಕೆ ಹೇಳ್ತಿದೀನಿ ಅಂದ್ರೆ, ಹೋದ ತಿಂಗಳು ಅಪ್ಪ ಫೋನ್ ಮಾಡಿದ್ರು. "ನೋಡಮ್ಮ, ಕಾರ್ಬನ್ ಕ್ರೆಡಿಟ್ ಅಂತ ಯಾರೋ ಬಂದಿದ್ರು. ಹೊಲದಲ್ಲಿ ಮರ ಬೆಳೆಸಿದ್ರೆ ಅದು ಗಾಳಿ ಕ್ಲೀನ್ ಮಾಡಿದ್ದಕ್ಕೆ ದುಡ್ಡು ಕೊಡ್ತಾರಂತೆ. ನೀನು ಬಿ.ಕಾಂ ಓದಿದ್ದೀಯಲ್ಲ, ಈ ಪೇಪರ್ ಓದಿ ಹೇಳು." ವಾಟ್ಸಾಪ್‌ನಲ್ಲಿ ನಾಲ್ಕು ಪುಟದ ಫೋಟೊ ಬಂತು. ಓದಿದೆ. ಮರ ಎಷ್ಟು, ಸುತ್ತಳತೆ ಎಷ್ಟು, ಎತ್ತರ ಎಷ್ಟು, ಎಷ್ಟು ಟನ್ ಕಾರ್ಬನ್, ಎಲ್ಲದಕ್ಕೂ ಕಾಲಂ ಇದೆ. ನೀರಿಗೆ ಒಂದು ಕಾಲಂ ಇರಲಿಲ್ಲ. ಕೋಲಾರದ ಹೊಲದ ಪೇಪರ್‌ನಲ್ಲಿ ನೀರಿನ ಕಾಲಂ ಇಲ್ಲ! ತಾತನ ಪ್ರಶ್ನೆ ಮತ್ತೆ ತಲೇಲಿ ಕೂತ್ಕೊಂಡಿದ್ದು ಆಗ. ಮರಕ್ಕೆ ಬಾಯಿ ಇದೆಯಾ? ಇದ್ರೆ ಅದು ಎಷ್ಟು ಕುಡಿಯುತ್ತೆ, ಎಷ್ಟು ಉಸಿರಾಡುತ್ತೆ ಅಂತ ಯಾರಾದ್ರೂ ಅಳೆದಿದ್ದಾರಾ?

ಅಳೆದಿದ್ದಾರೆ. ನಮ್ಮೂರಿಗೆ ಹಳೇ ನಂಟಿರೋ ಊರಲ್ಲೇ ಅಳೆದಿದ್ದಾರೆ.

ಆ ನಂಟು ಏನು ಅಂತ ಮೊದಲು ಹೇಳ್ತೀನಿ. ಸುಗಟೂರು ಅಂದ್ರೆ ಇವತ್ತು ಕೋಲಾರದ ಹತ್ತಿರದ ಒಂದು ಹೋಬಳಿ. ನಾನೂರು ವರ್ಷದ ಹಿಂದೆ ಅದು ಪಾಳೆಯಗಾರರ ಊರು. ವಿಜಯನಗರದ ಅರಸರ ಕೈಕೆಳಗೆ ಈ ಸೀಮೆ ಆಳಿದವರು ಸುಗಟೂರಿನ ಗೌಡರು. ಅವರಲ್ಲಿ ತಮ್ಮೇಗೌಡ 1595ರ ಸುಮಾರಿಗೆ ಪಶ್ಚಿಮದ ಕಡೆ ಒಂದು ಕೋಟೆ ಕಟ್ಟಿಸಿದ. ಹಳೇ ಕೋಟೆ ಕೋಲಾರದಲ್ಲಿತ್ತು, ಇದು ಹೊಸ ಕೋಟೆ. ಅದೇ ಇವತ್ತಿನ ಹೊಸಕೋಟೆ. ಬೆಂಗಳೂರಿಗೆ ಹೋಗುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ನಾವು ಬೈತೀವಲ್ಲ, ಆ ಊರು ಶುರುವಾಗಿದ್ದು ಸುಗಟೂರಿನವರಿಂದ. ಹೊಸಕೋಟೆ ಅನ್ನೋ ಹೆಸರು ನೆನಪಲ್ಲಿ ಇಟ್ಕೊಳ್ಳಿ, ವಾಪಸ್ ಬರ್ತೀನಿ.

ಈಗ ಮರ ಎಲ್ಲಿಂದ ಬಂತು ನೋಡೋಣ. ನೀಲಗಿರಿ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ. 1790ರ ಸುಮಾರಿಗೆ ಟಿಪ್ಪು ಸುಲ್ತಾನ್ ಬೀಜ ತರಿಸಿ ನಂದಿ ಬೆಟ್ಟದಲ್ಲಿ ನೆಡಿಸಿದ ಅನ್ನೋ ಮಾತು ಹಿಂದಿನಿಂದ ಇದೆ. 1843ರಲ್ಲಿ ಬ್ರಿಟಿಷರು ಊಟಿ ಕಡೆಯ ನೀಲಗಿರಿ ಬೆಟ್ಟಗಳಲ್ಲಿ ನೆಟ್ಟರು, ಸೌದೆಗೆ. ನಾವು ಕರೆಯೋ ಹೆಸರೂ ಆ ಬೆಟ್ಟದ್ದೇ. ನಂದಿ ಬೆಟ್ಟದ ಮರಗಳಿಂದ ಬಂದ ತಳಿಗೆ ಮೈಸೂರು ಗಮ್ ಅಂತ ಹೆಸರಾಯ್ತು, 1950ರ ದಶಕದಿಂದ ಅದನ್ನ ದೊಡ್ಡ ಮಟ್ಟದಲ್ಲಿ ಬೆಳೆಸೋಕೆ ಶುರು ಮಾಡಿದ್ರು. ಆಮೇಲೆ 1980ರ ದಶಕದಲ್ಲಿ ಬಂದಿದ್ದು ಸಾಮಾಜಿಕ ಅರಣ್ಯ ಯೋಜನೆ. ಕರ್ನಾಟಕದ ಈ ಯೋಜನೆಗೆ ವಿಶ್ವಬ್ಯಾಂಕ್ ಮತ್ತು ಬ್ರಿಟನ್ ಹಣ ಹಾಕಿದ್ವು. ಹಳ್ಳಿಗೆ ಸೌದೆ, ಮೇವು ಸಿಗಲಿ ಅನ್ನೋದು ಉದ್ದೇಶ. ಕೋಲಾರದಲ್ಲಿ ಆಗಿದ್ದು ಏನಂದ್ರೆ, ರಾಗಿ ಹೊಲಗಳು ನೀಲಗಿರಿ ತೋಪುಗಳಾದ್ವು. ಸೌದೆ ಒಲೆಗೆ ಹೋಗಲಿಲ್ಲ, ಕಾಗದ ಮತ್ತು ರೇಯಾನ್ ಕಾರ್ಖಾನೆಗೆ ಹೋಯ್ತು.

ಇದನ್ನ ಮೊದಲು ಪ್ರಶ್ನೆ ಮಾಡಿದವರಲ್ಲಿ ವಂದನಾ ಶಿವ, ಶರತ್‌ಚಂದ್ರ ಮತ್ತು ಜಯಂತ ಬಂದ್ಯೋಪಾಧ್ಯಾಯ ಇದ್ರು. ಬೆಂಗಳೂರಿನ ಐಐಎಂನಿಂದ 1981ರಲ್ಲಿ ಅವರ ವರದಿ ಬಂತು, ವಿಷಯ ಕೋಲಾರದ ಸಾಮಾಜಿಕ ಅರಣ್ಯ. ಊಟದ ರಾಗಿ ಹೋಯ್ತು, ಕೂಲಿ ಕೆಲಸ ಹೋಯ್ತು, ನೀರೂ ಹೋಗುತ್ತೆ ಅಂತ ಅವರ ವಾದ. 1983ರಲ್ಲಿ ತುಮಕೂರು ಜಿಲ್ಲೆಯಲ್ಲಿ ರೈತರು ಅರಣ್ಯ ಇಲಾಖೆ ನರ್ಸರಿಗೆ ನುಗ್ಗಿ ನೀಲಗಿರಿ ಸಸಿ ಕಿತ್ತುಹಾಕಿದ್ರು, ಆ ಜಾಗದಲ್ಲಿ ಹುಣಸೆ, ಮಾವಿನ ಬೀಜ ಹಾಕಿದ್ರು. ಇನ್ನೊಂದು ಕಡೆ ಅರಣ್ಯ ವಿಜ್ಞಾನಿಗಳು ಹೇಳ್ತಿದ್ರು: ಒಂದು ಕೆ.ಜಿ. ಮರ ಬೆಳೆಸೋಕೆ ನೀಲಗಿರಿ ಬಳಸೋ ನೀರು ಬೇರೆ ಎಷ್ಟೋ ಗಿಡಕ್ಕಿಂತ ಕಡಿಮೆ, ಸುಮ್ಮನೆ ಹೆದರಿಸ್ತಿದ್ದೀರಿ.

ನಮ್ಮ ಬದುವಿನ ಜಗಳವೇ ರಾಜ್ಯದ ಜಗಳ ಆಗಿತ್ತು ಅನ್ನಿ. ಇಬ್ಬರೂ ಜೋರಾಗಿ ಮಾತಾಡ್ತಿದ್ರು. ನಮ್ಮ ಮಣ್ಣಲ್ಲಿ ನಿಂತ ಮರ ದಿನಕ್ಕೆ ಎಷ್ಟು ನೀರನ್ನ ಗಾಳಿಗೆ ಬಿಡುತ್ತೆ ಅನ್ನೋ ಅಳತೆ ಯಾರ ಕೈಯಲ್ಲೂ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲೋಣ. ಎಲೆಯ ಮೇಲೆ, ಹೆಚ್ಚಾಗಿ ಕೆಳಗಡೆ, ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿರುತ್ತೆ. ಶಾಲೆಯಲ್ಲಿ ಪತ್ರರಂಧ್ರ ಅಂತ ಓದಿದ್ವಿ. ವಿಜ್ಞಾನಿಗಳು ಇದನ್ನ ಸ್ಟೊಮಾ ಅಂತಾರೆ. ಸ್ಟೊಮಾ ಅಂದ್ರೆ ಗ್ರೀಕ್ ಭಾಷೆಯಲ್ಲಿ ಬಾಯಿ! ಇದು ಗೊತ್ತಾದ ದಿನ ನಾನು ಒಬ್ಬಳೇ ಕೂತು ನಕ್ಕಿದ್ದೀನಿ. ತಾತಾ, ಬಾಯಿ ಐತೆ. ಒಂದೊಂದು ಎಲೇಲೂ ಲೆಕ್ಕ ಇಲ್ಲದಷ್ಟು ಐತೆ.

ಆ ಬಾಯಿಯಲ್ಲಿ ಎರಡು ವ್ಯವಹಾರ ಒಟ್ಟಿಗೇ ನಡೆಯುತ್ತೆ. ಒಳಗೆ ಇಂಗಾಲದ ಡೈಆಕ್ಸೈಡ್ ಬರಬೇಕು, ಅದರಿಂದಲೇ ಮರ ಕಾಂಡ ಕಟ್ಟೋದು. ಆದ್ರೆ ಬಾಯಿ ತೆರೆದ ಕೂಡಲೇ ಒಳಗಿನ ನೀರು ಆವಿಯಾಗಿ ಹೊರಗೆ ಹೋಗುತ್ತೆ. ಒಂದು ಅಣು ಇಂಗಾಲದ ಡೈಆಕ್ಸೈಡ್ ಸಿಗಬೇಕಾದ್ರೆ ನೂರಾರು ಅಣು ನೀರು ಹೋಗುತ್ತೆ. ನೀರು ಉಳಿಸೋಣ ಅಂತ ಬಾಯಿ ಮುಚ್ಚಿದ್ರೆ ಊಟ ಇಲ್ಲ. ಕಾಮರ್ಸ್ ಓದಿದವರಿಗೆ ಇದು ಥಟ್ ಅಂತ ಗೊತ್ತಾಗುತ್ತೆ: ಡಬಲ್ ಎಂಟ್ರಿ. ಪ್ರತಿ ಜಮೆಗೂ ಎದುರಿಗೆ ಒಂದು ಖರ್ಚು ಇದ್ದೇ ಇರುತ್ತೆ. ಕಾರ್ಬನ್ ಜಮೆ, ನೀರು ಖರ್ಚು. ಅಪ್ಪ ಕಳಿಸಿದ ಪೇಪರ್‌ನಲ್ಲಿ ಇದ್ದಿದ್ದು ಅರ್ಧ ಪುಟ.

ಅರಣ್ಯ ವಿಜ್ಞಾನಿಗಳ ವಾದವನ್ನೂ ಇಲ್ಲೇ ಬಿಡಿಸಬಹುದು. ಕೆ.ಜಿ.ಗೆ ಇಷ್ಟೇ ನೀರು ಅನ್ನೋದು ಲಾಭದ ಶೇಕಡಾವಾರು ಇದ್ದ ಹಾಗೆ. ಶೇಕಡಾವಾರು ಚೆನ್ನಾಗಿದ್ರೂ ವ್ಯಾಪಾರ ಹತ್ತು ಪಟ್ಟಾದ್ರೆ ಒಟ್ಟು ಖರ್ಚು ಏರುತ್ತೆ. ನೀಲಗಿರಿ ಬೇಗ ಬೆಳೆಯುತ್ತೆ, ವರ್ಷವಿಡೀ ಹಸಿರಾಗಿರುತ್ತೆ. ರಾಗಿ ನಾಲ್ಕು ತಿಂಗಳಲ್ಲಿ ಮುಗಿದು ಹೊಲ ಖಾಲಿ ಆಗುತ್ತೆ. ಹಾಗಾಗಿ ಅಳೀಬೇಕಾಗಿದ್ದು ಕೆ.ಜಿ.ಯ ಲೆಕ್ಕ ಅಲ್ಲ, ಹೊಲದ ಒಟ್ಟು ಲೆಕ್ಕ.

ಗಿಡದ ಲೆಕ್ಕ ಬರೆಯೋ ಕೆಲಸ ಹಳೇದೇ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರಲ್ಲಿ ಕುಂಡದಲ್ಲಿದ್ದ ಒಂದು ಸೂರ್ಯಕಾಂತಿ ಗಿಡ ತಗೊಂಡ. ಮಣ್ಣಿಂದ ನೇರವಾಗಿ ಆವಿ ಹೋಗದ ಹಾಗೆ ಕುಂಡದ ಬಾಯನ್ನ ಸೀಸದ ತಗಡಿನಿಂದ ಮುಚ್ಚಿದ. ಬೆಳಗ್ಗೆ ಸಂಜೆ ತೂಕ ಮಾಡಿದ. ಹಗಲಿನ 12 ಗಂಟೆಯಲ್ಲಿ ಸರಾಸರಿ 20 ಔನ್ಸ್, ಅಂದ್ರೆ ಅರ್ಧ ಲೀಟರ್‌ಗಿಂತ ಸ್ವಲ್ಪ ಹೆಚ್ಚು ನೀರು ಎಲೆಗಳಿಂದ ಗಾಳಿಗೆ ಹೋಗ್ತಿತ್ತು. 1727ರಲ್ಲಿ ಪುಸ್ತಕವನ್ನೇ ಪ್ರಕಟಿಸಿದ. ಕುಂಡದ ಗಿಡಕ್ಕೆ ತಕ್ಕಡಿ ಸಾಕು. ತೋಪಿಗೆ ಯಾವ ತಕ್ಕಡಿ?

1980ರ ದಶಕದ ಕೊನೆಗೆ ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆಯ ಇಯಾನ್ ಕಾಲ್ಡರ್ ಅನ್ನೋ ವಿಜ್ಞಾನಿ ಕರ್ನಾಟಕಕ್ಕೆ ಬಂದ್ರು. ಕರ್ನಾಟಕ ಅರಣ್ಯ ಇಲಾಖೆ, ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯವರು ಜೊತೆಗಿದ್ರು. ಶಿವಮೊಗ್ಗ ಕಡೆ ದೇವಬಾಳ, ಪುರದಾಳು, ಮತ್ತೆ ಬೆಂಗಳೂರಿನ ಪಕ್ಕ ಹೊಸಕೋಟೆ, ಇಲ್ಲೆಲ್ಲ ತೋಪುಗಳನ್ನ ಆರಿಸಿ ಅಳತೆ ಶುರು ಮಾಡಿದ್ರು. ಹೌದು, ಅದೇ ಹೊಸಕೋಟೆ.

ಅವರ ಎರಡು ಉಪಾಯ ಹೇಳ್ತೀನಿ. ಮೊದಲನೆಯದು ಮಣ್ಣಿನ ಲೆಕ್ಕ. ನೆಲದೊಳಗೆ ಆಳಕ್ಕೆ ಅಲ್ಯೂಮಿನಿಯಂ ಕೊಳವೆ ಇಳಿಸೋದು, ಅದರಲ್ಲಿ ನ್ಯೂಟ್ರಾನ್ ಪ್ರೋಬ್ ಅನ್ನೋ ಉಪಕರಣ ಬಿಡೋದು. ಅದರಿಂದ ವೇಗವಾಗಿ ಹೊರಡೋ ನ್ಯೂಟ್ರಾನ್‌ಗಳು ನೀರಿನಲ್ಲಿರೋ ಹೈಡ್ರೋಜನ್‌ಗೆ ಬಡಿದು ನಿಧಾನ ಆಗುತ್ತೆ. ಎಷ್ಟು ನಿಧಾನ ಆದ್ವು ಅಂತ ಎಣಿಸಿದ್ರೆ ಆ ಆಳದಲ್ಲಿ ಎಷ್ಟು ತೇವ ಇದೆ ಅಂತ ಗೊತ್ತಾಗುತ್ತೆ. ಪಾಸ್‌ಬುಕ್ ಎಂಟ್ರಿ ಹಾಕಿಸಿದ ಹಾಗೆ, ಮತ್ತೆ ಮತ್ತೆ ಹೋಗಿ ಬ್ಯಾಲೆನ್ಸ್ ನೋಡೋದು.

ಎರಡನೆಯದು ಮರದ ಲೆಕ್ಕ. ಕಾಂಡಕ್ಕೆ ಸಣ್ಣ ತೂತು ಕೊರೆದು ಸ್ವಲ್ಪ ಭಾರಜಲ ಹಾಕೋದು. ಅದೂ ನೀರೇ, ಆದ್ರೆ ಗುರುತು ಹಿಡಿಯಬಹುದಾದ ನೀರು. ಮೇಲಿನ ಎಲೆ ಗೊಂಚಲಿಗೆ ಪಾಲಿಥೀನ್ ಚೀಲ ಕಟ್ಟಿ, ಒಳಗೆ ಹನಿಗಟ್ಟಿದ ಆವಿಯನ್ನ ದಿನಾ ಸಂಗ್ರಹ ಮಾಡೋದು. ಹರಿಯೋ ಕಾಲುವೆಗೆ ಒಂದು ಬೊಗಸೆ ಅರಿಶಿನ ಹಾಕಿದ್ರೆ, ನೀರು ಜಾಸ್ತಿ ಇದ್ದಷ್ಟೂ ಬಣ್ಣ ತೆಳುವಾಗುತ್ತೆ ಅಲ್ವಾ? ಹಾಗೇ ಗುರುತಿನ ನೀರು ಎಷ್ಟು ತೆಳುವಾಗಿ ಹೊರಬಂತು ಅನ್ನೋದರಿಂದ ಮರದೊಳಗೆ ಎಷ್ಟು ನೀರು ಹರೀತು ಅಂತ ಲೆಕ್ಕ ಸಿಗುತ್ತೆ.

ಏನು ಸಿಕ್ತು? 1993ರಲ್ಲಿ ಪ್ರಕಟ ಆದ ಫಲಿತಾಂಶ ಎರಡೂ ಪಕ್ಷಕ್ಕೆ ಇರುಸುಮುರುಸು. ಮೂರು ಮೀಟರ್ ಆಳದ ಮಣ್ಣಿದ್ದ ಕಡೆ ನೀಲಗಿರಿ ಬಳಸಿದ್ದು ನಮ್ಮದೇ ಕುರುಚಲು ಕಾಡು ಬಳಸಿದಷ್ಟೇ. ಎರಡೂ ಹೆಚ್ಚುಕಡಿಮೆ ಬಿದ್ದ ಮಳೆಯನ್ನೆಲ್ಲ ವಾಪಸ್ ಗಾಳಿಗೆ ಕಳಿಸ್ತಿದ್ವು. ಬೇರು ಅಂತರ್ಜಲಕ್ಕೇ ಇಳಿದು ಕುಡೀತಿದೆ ಅನ್ನೋದಕ್ಕೆ ಅಲ್ಲಿ ಸಾಕ್ಷಿ ಸಿಗಲಿಲ್ಲ. ಇದು ತಾತನ ಕಡೆ. ಆದ್ರೆ ರಾಗಿಗೆ ಹೋಲಿಸಿದ್ರೆ ತೋಪು ಬಳಸೋ ನೀರು ಸುಮಾರು ಎರಡು ಪಟ್ಟು. ರಾಗಿ ಹೊಲದಿಂದ ಮಣ್ಣಿಗೆ ಇಳೀತಿದ್ದ ನೀರು ತೋಪಿನ ಕೆಳಗೆ ಇಳಿಯೋದೇ ಇಲ್ಲ. ಇದು ಪಕ್ಕದ ಹೊಲದವರ ಕಡೆ.

ಹೊಸಕೋಟೆಯ ಫಲಿತಾಂಶ 1997ರಲ್ಲಿ ಬಂತು, ಅದು ಇನ್ನೂ ವಿಚಿತ್ರ. ಅಲ್ಲಿ ಕೆಂಪು ಮಣ್ಣು ತುಂಬಾ ಆಳ. ಮಳೆ ಕಮ್ಮಿ ಇದ್ದ ಮೂರು ವರ್ಷದಲ್ಲಿ ಬಿದ್ದ ಮಳೆ ಒಟ್ಟು ಸುಮಾರು 2100 ಮಿಲಿಮೀಟರ್. ತೋಪು ಗಾಳಿಗೆ ಬಿಟ್ಟಿದ್ದು ಸುಮಾರು 3400. ಆದಾಯ 2100, ಖರ್ಚು 3400! ಬ್ಯಾಂಕ್‌ನಲ್ಲಿ ಇದಕ್ಕೆ ಓವರ್‌ಡ್ರಾಫ್ಟ್ ಅಂತೀವಿ. ಉಳಿದ 1300 ಎಲ್ಲಿಂದ ಬಂತು? ತಲೆಮಾರುಗಳ ಕಾಲ ಮೇಲಷ್ಟೇ ಬೇರು ಬಿಡೋ ಬೆಳೆ ಬೆಳೆದಾಗ ಆಳದ ಮಣ್ಣಲ್ಲಿ ಉಳಿದಿದ್ದ ತೇವದಿಂದ. ಬೇರು ವರ್ಷಕ್ಕೆ ಎರಡೂವರೆ ಮೀಟರ್ ಕೆಳಗೆ ಇಳೀತಾ, ಎಂಟು ಮೀಟರ್ ಆಳದ ತೇವವನ್ನೂ ಎಳೆದುಕೊಂಡಿತ್ತು. ಹಿರಿಯರು ಇಟ್ಟ ಎಫ್‌ಡಿಯನ್ನ ಮೊಮ್ಮಗ ಮುರಿಸಿ ಖರ್ಚು ಮಾಡಿದ ಹಾಗೆ. ಅದು ಮುಗಿದ ಮೇಲೆ ಮರ ಮಳೆಗಿಂತ ಹೆಚ್ಚು ಬಳಸೋಕೆ ಆಗಲ್ಲ. ಆದ್ರೆ ಆಳದ ಮಣ್ಣು ಮತ್ತೆ ತುಂಬೋವರೆಗೂ ಕೆಳಗಿನ ಅಂತರ್ಜಲಕ್ಕೆ ಏನೂ ಇಳಿಯಲ್ಲ.

1300 ಮಿಲಿಮೀಟರ್ ಅಂದ್ರೆ ಎಷ್ಟು ಅಂತ ಟ್ಯಾಂಕರ್ ಲೆಕ್ಕದಲ್ಲಿ ಹೇಳ್ತೀನಿ, ನಮ್ಮ ಕಡೆಯವರಿಗೆ ಬೇಗ ಅರ್ಥ ಆಗೋದು ಅದೇ. ಒಂದು ಎಕರೆಗೆ ಸುಮಾರು 52 ಲಕ್ಷ ಲೀಟರ್. ಆರು ಸಾವಿರ ಲೀಟರ್‌ನ ಟ್ಯಾಂಕರ್ ಆದ್ರೆ 870ಕ್ಕೂ ಹೆಚ್ಚು. ಮೂರು ವರ್ಷದಲ್ಲಿ, ಒಂದೇ ಎಕರೆಗೆ, ಸದ್ದಿಲ್ಲದೆ ಮೇಲಕ್ಕೆ ಹೋದ ನೀರು.

ಇದೇ ಹೊತ್ತಲ್ಲಿ ದೆಹಲಿಯಲ್ಲಿ ಇನ್ನೊಂದು ಲೆಕ್ಕದ ಜಗಳ ನಡೀತಿತ್ತು. ಅಳತೆ ಯಾರ ಕೈಯಲ್ಲಿದೆ ಅನ್ನೋದು ಎಷ್ಟು ದೊಡ್ಡ ವಿಷಯ ಅಂತ ನನಗೆ ಅರ್ಥ ಆಗಿದ್ದು ಅದರಿಂದ. ನೀರು ನಿಂತ ಭತ್ತದ ಗದ್ದೆಯಿಂದ ಮೀಥೇನ್ ಅನ್ನೋ ಅನಿಲ ಬರುತ್ತೆ, ಅದು ಭೂಮಿಯನ್ನ ಬಿಸಿ ಮಾಡುತ್ತೆ. ಭಾರತದ ಗದ್ದೆಗಳು ವರ್ಷಕ್ಕೆ ಸುಮಾರು 3.8 ಕೋಟಿ ಟನ್ ಮೀಥೇನ್ ಬಿಡ್ತವೆ ಅಂತ ಅಮೆರಿಕದ ಪರಿಸರ ಸಂಸ್ಥೆ ಅಂದಾಜು ಮಾಡಿತ್ತು. ಬೇರೆ ದೇಶದ ಹೊಲಗಳಲ್ಲಿ ಅಳೆದಿದ್ದನ್ನ ನಮ್ಮ ಎಕರೆಗಳಿಂದ ಗುಣಿಸಿ ಬಂದ ಅಂಕಿ ಅದು. ಹವಾಮಾನ ಒಪ್ಪಂದದ ಮಾತುಕತೆ ನಡೀತಿದ್ದ ಕಾಲ, ಆ ಅಂಕಿ ನಿಂತಿದ್ರೆ ನಮ್ಮ ಬಡ ರೈತರ ತಲೆ ಮೇಲೆ ದೊಡ್ಡ ಹೊರೆ. 1991ರಲ್ಲಿ ಎ.ಪಿ. ಮಿತ್ರ ಅವರ ಮುಂದಾಳತ್ವದಲ್ಲಿ ದೇಶದ ಪ್ರಯೋಗಾಲಯಗಳು ಗದ್ದೆಗೆ ಇಳಿದ್ವು. ಪೈರಿನ ಮೇಲೆ ಪೆಟ್ಟಿಗೆ ಮುಚ್ಚಿ, ಒಳಗೆ ಕೂಡಿದ ಗಾಳಿಯನ್ನ ಸಿರಿಂಜಿನಿಂದ ತೆಗೆದು ಪರೀಕ್ಷೆ ಮಾಡೋದು, ಅಷ್ಟೇ. ಬಂದ ಉತ್ತರ ಸುಮಾರು 40 ಲಕ್ಷ ಟನ್. ಹತ್ತರಲ್ಲಿ ಒಂದು ಭಾಗ! ನಮ್ಮ ಎಷ್ಟೋ ಗದ್ದೆಗಳಲ್ಲಿ ಇಡೀ ಬೆಳೆಗಾಲ ನೀರು ನಿಲ್ಲಲ್ಲ, ಮಣ್ಣಲ್ಲಿ ಸಾವಯವ ಅಂಶವೂ ಕಮ್ಮಿ. ದೂರದಲ್ಲಿ ಕೂತು ಗುಣಿಸಿದವರಿಗೆ ಅದು ಕಾಣಿಸಿರಲಿಲ್ಲ.

ಪೆಟ್ಟಿಗೆ, ಚೀಲ, ಕೊಳವೆ, ಎಲ್ಲಾ ಸರಿ. ಆದ್ರೆ ಒಂದು ಮರ ಅಳೆದು ಸಾವಿರ ಮರಕ್ಕೆ ಗುಣಿಸೋದರಲ್ಲೇ ತಪ್ಪು ಸೇರಿಕೊಳ್ಳುತ್ತೆ. ಪೆಟ್ಟಿಗೆ ಮುಚ್ಚಿದ್ರೆ ಒಳಗಿನ ಬಿಸಿ, ಗಾಳಿ ಎರಡೂ ಬದಲಾಗುತ್ತೆ. ಮುಟ್ಟದೇನೇ ಇಡೀ ಹೊಲದ ಉಸಿರು ಅಳೆಯೋಕೆ ಆಗುತ್ತಾ? ಈ ದಾರಿ ಶುರುವಾಗಿದ್ದು ನೀಲಗಿರಿಯ ತವರು ಆಸ್ಟ್ರೇಲಿಯಾದಲ್ಲಿ. 1951ರಲ್ಲಿ ಸ್ವಿನ್‌ಬ್ಯಾಂಕ್ ಅನ್ನೋ ವಿಜ್ಞಾನಿ ಇದನ್ನ ಮಾಡಿ ತೋರಿಸಿದ. ಇವತ್ತು ಎಡ್ಡಿ ಕೋವೇರಿಯನ್ಸ್ ಅಂತ ಕರೀತಾರೆ. ಹೆಸರಿಗೆ ಹೆದರಬೇಡಿ, ಎಡ್ಡಿ ಅಂದ್ರೆ ಸುಳಿ.

ಹೊಲದ ಮೇಲಿನ ಗಾಳಿ ನೇರವಾಗಿ ಹೋಗಲ್ಲ, ಸಣ್ಣ ದೊಡ್ಡ ಸುಳಿಗಳಾಗಿ ಮೇಲೆ ಕೆಳಗೆ ತಿರುಗ್ತಾ ಹೋಗುತ್ತೆ. ಹೆದ್ದಾರಿಯ ಟೋಲ್ ಗೇಟ್ ನೆನಪು ಮಾಡ್ಕೊಳ್ಳಿ. ಊರೊಳಗೆ ಹೋಗೋ ಗಾಡಿಯಲ್ಲಿ ಎಷ್ಟು ಜನ, ಹೊರಗೆ ಬರೋ ಗಾಡಿಯಲ್ಲಿ ಎಷ್ಟು ಜನ ಅಂತ ಎಣಿಸಿದ್ರೆ ಊರಿನ ಜನಸಂಖ್ಯೆ ಏರ್ತಿದೆಯಾ ಇಳೀತಿದೆಯಾ ಗೊತ್ತಾಗುತ್ತೆ, ಮನೆ ಮನೆ ಹತ್ತಬೇಕಾಗಿಲ್ಲ. ಹಾಗೇ ತೋಪಿಗಿಂತ ಎತ್ತರದ ಗೋಪುರದ ತುದೀಲಿ ಎರಡು ಉಪಕರಣ ಇಡ್ತಾರೆ. ಒಂದು ಶಬ್ದದ ಅಲೆಯಿಂದ ಗಾಳಿ ಮೇಲೆ ಹೋಗ್ತಿದೆಯಾ ಕೆಳಗೆ ಬರ್ತಿದೆಯಾ ಅಂತ ಸೆಕೆಂಡಿಗೆ ಹತ್ತಿಪ್ಪತ್ತು ಸಲ ನೋಡುತ್ತೆ. ಇನ್ನೊಂದು ಅದೇ ಕ್ಷಣದಲ್ಲಿ ಆ ಗಾಳಿಯಲ್ಲಿ ಎಷ್ಟು ನೀರಾವಿ, ಎಷ್ಟು ಇಂಗಾಲದ ಡೈಆಕ್ಸೈಡ್ ಅಂತ ನೋಡುತ್ತೆ. ಅರ್ಧ ಗಂಟೆಯದ್ದೆಲ್ಲ ಕೂಡಿಸಿದ್ರೆ ಆ ಹೊಲ ಗಾಳಿಗೆ ಎಷ್ಟು ಕೊಟ್ಟಿತು, ಎಷ್ಟು ತಗೊಂಡಿತು ಅಂತ ಸಿಗುತ್ತೆ. ಒಂದೇ ಗೋಪುರದಲ್ಲಿ ಜಮೆ, ಖರ್ಚು ಎರಡೂ.

ಇದು ಕೀಲಿಂಗ್ ಮಾಡಿದ ಕೆಲಸಕ್ಕಿಂತ ಬೇರೆ. ಚಾರ್ಲ್ಸ್ ಕೀಲಿಂಗ್ 1958ರಿಂದ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯಲ್ಲಿ ಒಟ್ಟು ಎಷ್ಟು ಇಂಗಾಲದ ಡೈಆಕ್ಸೈಡ್ ಇದೆ ಅಂತ ಅಳೆದ. ಆಗ ಹತ್ತು ಲಕ್ಷಕ್ಕೆ 315 ಭಾಗ, ಈಗ 420 ದಾಟಿದೆ. ಅದು ಬ್ಯಾಲೆನ್ಸ್. ಯಾವ ಕಾಡು, ಯಾವ ಹೊಲ ಎಷ್ಟು ಹಾಕಿತು, ಎಷ್ಟು ತೆಗೀತು ಅನ್ನೋದು ಕ್ಯಾಶ್ ಬುಕ್. ಆ ಕ್ಯಾಶ್ ಬುಕ್ ಬರೆಯೋಕೆ ವೇಗದ ಉಪಕರಣ, ಕಂಪ್ಯೂಟರ್ ಬರಬೇಕಾಯ್ತು. 1990ರ ದಶಕದ ಆರಂಭದಿಂದ ಅಮೆರಿಕದ ಹಾರ್ವರ್ಡ್ ಕಾಡಿನಲ್ಲಿ ಸ್ಟೀವನ್ ವೊಫ್ಸಿ ಅವರ ತಂಡ ವರ್ಷವಿಡೀ ಬಿಡದೆ ಅಳೆಯೋಕೆ ಶುರು ಮಾಡಿತು. 1997ರಲ್ಲಿ ಇಂಥ ಗೋಪುರಗಳದ್ದೇ ಜಾಗತಿಕ ಜಾಲ ಫ್ಲಕ್ಸ್‌ನೆಟ್ ಹುಟ್ಟಿತು. ಅದರ ನಕ್ಷೆ ತೆಗೆದು ನೋಡಿ. ಅಮೆರಿಕ, ಯುರೋಪ್ ತುಂಬಾ ಚುಕ್ಕೆ. ನಮ್ಮ ಕಡೆ ಬಂದ್ರೆ ಬಿಳಿ ಜಾಗ.

ಹಾಗಂತ ನಾವು ಸುಮ್ಮನೆ ಕೂತಿರಲಿಲ್ಲ. 1990ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೊದ್ದಂ ನರಸಿಂಹ ಅವರ ನೇತೃತ್ವದಲ್ಲಿ ಮಾಂಟ್‌ಬ್ಲೆಕ್ಸ್ ಅನ್ನೋ ದೊಡ್ಡ ಪ್ರಯೋಗ ನಡೀತು. ಜೋಧಪುರ, ದೆಹಲಿ, ವಾರಾಣಸಿ, ಖರಗ್‌ಪುರ ಈ ನಾಲ್ಕು ಕಡೆ 30 ಮೀಟರ್ ಗೋಪುರ ನಿಲ್ಲಿಸಿ, ಮುಂಗಾರಿನಲ್ಲಿ ನೆಲ ಮತ್ತು ಗಾಳಿ ನಡುವಿನ ಕೊಡುಕೊಳ್ಳುವಿಕೆ ನೋಡಿದ್ರು. ಆಮೇಲೆ 2016ರ ಸುಮಾರಿಗೆ ಭಾರತ–ಬ್ರಿಟನ್ ಜಂಟಿ ಯೋಜನೆ ಇನ್‌ಕಂಪಾಸ್ ಅಡಿ ಕರ್ನಾಟಕಕ್ಕೇ ಗೋಪುರ ಬಂತು: ಒಂದು ಧಾರವಾಡದಲ್ಲಿ, ಇನ್ನೊಂದು ಗುಂಡ್ಲುಪೇಟೆ ತಾಲ್ಲೂಕಿನ ಬೇರಂಬಾಡಿಯಲ್ಲಿ. ಬೇರಂಬಾಡಿ ನಮಗೆ ಹತ್ತಿರದ ಕಥೆ. ಅಲ್ಲೂ ಕೆರೆ ಇದೆ, ಬೋರ್‌ವೆಲ್ ಇದೆ, ಆಳಕ್ಕೆ ಓಡ್ತಿರೋ ಅಂತರ್ಜಲ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಅಲ್ಲಿ ವರ್ಷಾನುಗಟ್ಟಲೆ ಮಣ್ಣು, ಬಾವಿ, ಬೆಳೆ ಎಲ್ಲದರ ಲೆಕ್ಕ ಇಡ್ತಾ ಬಂದಿದ್ದಾರೆ.

ಗೋಪುರ ಹೇಳಿದ್ದೆಲ್ಲ ವೇದವಾಕ್ಯ ಅಂದ್ಕೋಬೇಡಿ. ಬಿಸಿಲಿನಿಂದ ಬಂದ ಶಕ್ತಿ, ನೆಲ ಕಾಯೋಕೆ ಮತ್ತು ನೀರು ಆವಿ ಆಗೋಕೆ ಹೋದ ಶಕ್ತಿಗೆ ಸಮ ಆಗಬೇಕು. ಪ್ರಪಂಚದ ಬಹಳಷ್ಟು ಗೋಪುರಗಳಲ್ಲಿ ಅದು ಸಮ ಆಗಲ್ಲ, ನೂರಕ್ಕೆ ಹತ್ತರಿಂದ ಮೂವತ್ತರವರೆಗೆ ಕಮ್ಮಿ ಬೀಳುತ್ತೆ. ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಗಲಿಲ್ಲ ಅಂತ ರಾತ್ರಿಯಿಡೀ ಕೂತವರಿಗೆ ಈ ನೋವು ಗೊತ್ತು. ಆದ್ರೆ ನನಗೆ ಈ ವಿಜ್ಞಾನಿಗಳ ಮೇಲೆ ನಂಬಿಕೆ ಬಂದಿದ್ದು ಇಲ್ಲೇ. ಟ್ಯಾಲಿ ಆಗಿಲ್ಲ ಅಂತ ಅವರೇ ಬರೀತಾರೆ. ಅಪ್ಪನಿಗೆ ಬಂದ ಪೇಪರ್‌ನಲ್ಲಿ ಎಲ್ಲಾ ಟ್ಯಾಲಿ ಆಗಿತ್ತು.

ಈಗಿನ ಓಟ ಆಕಾಶದ ಕಡೆ. ನಾಸಾದ ಒಸಿಒ–2 ಉಪಗ್ರಹ 2014ರಿಂದ ಇಂಗಾಲದ ಡೈಆಕ್ಸೈಡ್ ನೋಡ್ತಿದೆ. 2018ರಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದ ಇಕೋಸ್ಟ್ರೆಸ್ ಎಲೆಗಳ ಬಿಸಿ ನೋಡಿ ಅವು ಎಷ್ಟು ನೀರು ಬಿಡ್ತಿವೆ ಅಂತ ಹೇಳುತ್ತೆ. ಬೆವರಿದ ಮೈ ತಂಪಾಗುತ್ತಲ್ಲ, ಅದೇ ತತ್ವ. ಇಸ್ರೋ ಮತ್ತು ಫ್ರಾನ್ಸ್ ಸೇರಿ ಇದೇ ಥರದ ಒಂದು ಉಪಗ್ರಹ ರೂಪಿಸ್ತಿವೆ. ಹೆಸರು ತೃಷ್ಣಾ. ತೃಷ್ಣಾ ಅಂದ್ರೆ ಬಾಯಾರಿಕೆ. ಆದ್ರೆ ಉಪಗ್ರಹ ಹೇಳಿದ್ದು ನಿಜಾನಾ ಅಂತ ತಾಳೆ ನೋಡೋಕೆ ನೆಲದ ಮೇಲೆ ಒಂದು ಗೋಪುರ ಬೇಕೇ ಬೇಕು. ಗೋಪುರ ಇಲ್ಲದ ಕಡೆ ಮತ್ತೆ ಬೇರೆಯವರ ಅಂಕಿ, ನಮ್ಮ ಎಕರೆ.

ಈಗ ಊರಿಗೆ ವಾಪಸ್. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡೋದನ್ನ ನಿಷೇಧ ಮಾಡಿತು. ನಮ್ಮ ತೋಪು ಹಳೇದು, ಕಡಿದ ಬುಡದಿಂದ ಮತ್ತೆ ಮತ್ತೆ ಚಿಗುರಿದ್ದು. ಈ ಸಲ ಊರಿಗೆ ಹೋದಾಗ ಪಕ್ಕದ ಹೊಲದ ತಾತನ ಮನೆಗೆ ಹೋದೆ. ವಯಸ್ಸು ಎಂಬತ್ತರ ಮೇಲೆ, ಕಿವಿ ಸ್ವಲ್ಪ ಮಂದ. ಜಗುಲಿ ಮೇಲೆ ಕೂತು ಹೊಸಕೋಟೆ ಲೆಕ್ಕ ಎಲ್ಲಾ ಹೇಳಿದೆ, 870 ಟ್ಯಾಂಕರ್ ಅಂತ. ಹಳೇ ತಪ್ಪು ಒಪ್ಪಿಕೊಂಡ ಹಾಗೆ ಆಗುತ್ತೆ, ಅವರಿಗೆ ಸಮಾಧಾನ ಆಗುತ್ತೆ ಅಂದ್ಕೊಂಡಿದ್ದೆ. ಅವರು ಎಲ್ಲಾ ಕೇಳಿ, ಅಡಿಕೆ ಅಗೀತಾ ಅಂದ್ರು: "ಮರದ್ದು ಲೆಕ್ಕ ಹಾಕ್ದೆ, ಸರಿ ಕಣವ್ವ. ನಿಮ್ ಅಪ್ಪ ಬೋರ್‌ವೆಲ್ ಕೊರ್ಸಿ ಟಮಾಟೊ ಬೆಳೆದ್ನಲ್ಲ, ಅದ್ರದ್ದು ಹಾಕ್ದಾ?"

ಹಾಕಿರಲಿಲ್ಲ. ಮನೆಗೆ ಬಂದು ಅಪ್ಪನ್ನ ಕೇಳಿದೆ. ಆ ವರ್ಷಗಳಲ್ಲಿ ಮೋಟಾರು ದಿನಕ್ಕೆ ಐದು ಗಂಟೆ, ಗಂಟೆಗೆ ಸುಮಾರು ಐದು ಸಾವಿರ ಲೀಟರ್. ದಿನಕ್ಕೆ 25 ಸಾವಿರ. ಹೊಸಕೋಟೆಯ ಒಂದು ಎಕರೆ ತೋಪು ಮೂರು ವರ್ಷದಲ್ಲಿ ಮಾಡಿದ ಓವರ್‌ಡ್ರಾಫ್ಟ್‌ನ್ನ ನಮ್ಮ ಬೋರ್‌ವೆಲ್ ಏಳು ತಿಂಗಳಲ್ಲಿ ಎತ್ತಿ ಹಾಕಿದೆ! ಅದರಲ್ಲಿ ಒಂದಿಷ್ಟು ಮತ್ತೆ ನೆಲಕ್ಕೆ ಇಳಿದಿರಬಹುದು. ಉಳಿದಿದ್ದೆಲ್ಲ ಟೊಮ್ಯಾಟೊ ಎಲೆಗಳ ಬಾಯಿಂದ ಗಾಳಿಗೆ. ನನ್ನ ಕಾಲೇಜು ಫೀಸ್ ಕಟ್ಟಿದ್ದು ಆ ಟೊಮ್ಯಾಟೊ.

ಮೂವತ್ತು ವರ್ಷ ಎರಡು ಮನೆಯವರೂ ಮರವನ್ನೇ ನೋಡ್ತಾ ಜಗಳ ಆಡಿದ್ವಿ. ಮರ ಮೇಲಿನಿಂದ ನೀರು ಇಳಿಯೋದನ್ನ ತಡೀತು, ನಾವು ಕೆಳಗಿನಿಂದ ಎಳೆದ್ವಿ. ಪುಸ್ತಕದ ಒಂದು ಪುಟ ಓದಿ ತೀರ್ಪು ಕೊಟ್ಟವರು ನಾವೂ ಹೌದು, ಅವರೂ ಹೌದು, ಈಗ ಕಾರ್ಬನ್ ಅಂತ ಬಂದವರೂ ಹೌದು.

ಅಪ್ಪ ಆ ಪೇಪರ್‌ಗೆ ಸಹಿ ಹಾಕಿಲ್ಲ. ಬೇಡ ಅಂತಾನೂ ಹೇಳಿಲ್ಲ. ನಾನು ಮೂರು ಪ್ರಶ್ನೆ ಬರೆದು ಕೊಟ್ಟಿದ್ದೀನಿ, ಮುಂದಿನ ಸಲ ಬಂದಾಗ ಕೇಳೋಕೆ. ನಿಮ್ಮ ಊರಿಗೂ ಯಾರಾದ್ರೂ ಬಂದ್ರೆ ನೀವೂ ಕೇಳಿ. ಒಂದು, ಈ ಅಂಕಿ ಯಾವ ಮಣ್ಣಲ್ಲಿ, ಎಷ್ಟು ಮಳೆ ಬೀಳೋ ಊರಲ್ಲಿ ಅಳೆದಿದ್ದು? ಎರಡು, ಇಷ್ಟು ಕಾರ್ಬನ್‌ಗೆ ಈ ಮರ ಎಷ್ಟು ನೀರು ಬಿಡುತ್ತೆ, ಆ ನೀರು ಯಾರ ಖಾತೆಯದ್ದು? ಮೂರು, ಲೆಕ್ಕ ಟ್ಯಾಲಿ ಆಗದಿದ್ರೆ ಅದನ್ನ ಎಲ್ಲಿ ಬರೀತೀರಿ?

ಹೊರಡುವಾಗ ಅಪ್ಪ ಬದುವಿನ ತನಕ ಬಂದ್ರು. ಪಕ್ಕದ ಹೊಲದ ತಾತನ ಮೊಮ್ಮಗ ಅಲ್ಲಿ ಹಳೇ ಬಾವಿಯ ಹೂಳು ತೆಗೆಸ್ತಿದ್ದ. ನೀರಿನ್ನೂ ಇಲ್ಲ, ಒಳಗೆ ಕೆಂಪು ಮಣ್ಣು, ಸ್ವಲ್ಪ ತೇವ. ಅಪ್ಪ ಬಗ್ಗಿ ನೋಡಿ ಕೇಳಿದ್ರು: "ಎಷ್ಟು ಅಡಿ ಆಯ್ತಪ್ಪಾ?"

ಅವನು ಅಡಿ ಲೆಕ್ಕ ಹೇಳಿದ. ನಮ್ಮಪ್ಪ ಅವರ ಮನೆಯವರ ಜೊತೆ ಮಾತಾಡಿದ್ದನ್ನ ನಾನು ನೋಡಿದ್ದು ಅದೇ ಮೊದಲು.

ಇವತ್ತಿಗೆ ಇಷ್ಟು. ನಿಮ್ಮ ಊರಿನ ತೋಪು, ಬಾವಿ, ಕೆರೆ ಕಥೆ ಇದ್ರೆ ವಾಯ್ಸ್ ನೋಟ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ನಮಸ್ಕಾರ.